ಉಂಡವನೇ ಹೊಣೆ

ಕೆಂಗಲ್ಲುಪಟ್ಟಣದ ಕೋಟೆಯ ಮೇಲೆ ಹೊತ್ತು ಮಾರುದ್ದ ಏರುವಷ್ಟರಲ್ಲಿ ಮೂಡಣ ದಿಕ್ಕಿನ ಆನೆಬಾಗಿಲು ತೆರೆದು, ಕಂಬಳಿಯ ಹೇರುಗಳೂ ಎಣ್ಣೆ ತುಂಬಿದ ತೊಗಲಿನ ಸಿದ್ದಿಗೆಗಳೂ ಕಬ್ಬಿಣ ತುಂಬಿದ ಬಂಡಿಗಳೂ ಒಂದರ ಹಿಂದೊಂದು ಒಳಗೆ ಬರುತ್ತಿದ್ದವು. ಮುತ್ತುರತ್ನಗಳನ್ನು ಬೀದಿಯಲ್ಲಿ ರಾಶಿ ಹಾಕಿ ಮಾರುತ್ತಿದ್ದರೆಂದು ಹೊಗಳುಭಟ್ಟರು ಯಾವ ರಾಜಧಾನಿಯ ಬಗೆಗಾದರೂ ಹಾಡುತ್ತಾರೆ. ಅವರ ಬಾಯಿಗೆ ಸುಂಕವೇ? ಈ ಊರಿನಲ್ಲಿ ರಾಶಿ ಬೀಳುತ್ತಿದ್ದದ್ದು ಜೋಳ, ಹತ್ತಿ ಮತ್ತು ಜಗಳ. ಆದರೂ ಅಂಗಡಿಗೆ ಬೀಗ ಹಾಕದೆ ಊಟಕ್ಕೆ ಹೋಗುವ ವರ್ತಕರಿದ್ದ ಪಟ್ಟಣ ಆ ಸೀಮೆಯಲ್ಲೆಲ್ಲ ಇದೊಂದೇ ಆಗಿತ್ತು, ಮತ್ತು ಅದಕ್ಕೆ ಕಾರಣವಾದದ್ದು ಒಂದು ಹಳೆಯ ಪದ್ಧತಿ.

ಸುಗ್ಗಿ ಮುಗಿದ ಮೇಲೆ ಊರಿನವರು ಮನೆಗೊಂದು ಬಳ್ಳ ಜೋಳವನ್ನು ತಳವಾರನಿಗೆ, ಎಂದರೆ ನಗರದ ಕಾವಲಿಗೆ ಮುಖ್ಯಸ್ಥನಾದವನಿಗೆ, ಅಳೆದು ಕೊಡುತ್ತಿದ್ದರು. ಅವನು ಪ್ರತಿಯೊಂದು ಹೊಸಿಲ ಮುಂದೆ ನಿಂತು, ಆ ಜೋಳದಿಂದ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ನುಂಗಿ, "ಉಂಡೆ, ಹೊಣೆ" ಎನ್ನುತ್ತಿದ್ದ. ಓಲೆಯಿಲ್ಲ, ಮುದ್ರೆಯಿಲ್ಲ. ಅಂದಿನಿಂದ ಆ ಮನೆಯಲ್ಲಿ ಏನು ಕಳುವಾದರೂ ಒಂಬತ್ತು ದಿನದೊಳಗೆ ಅವನು ಹುಡುಕಿಕೊಡಬೇಕು, ಸಿಗದಿದ್ದರೆ ತನ್ನ ಕೈಯಿಂದ ತುಂಬಿಕೊಡಬೇಕು, ಅದೂ ಆಗದಿದ್ದರೆ ಮನೆ ಹೊಲಗಳನ್ನು ಒಪ್ಪಿಸಿ, ಬೆಳ್ಳಿಕಟ್ಟಿನ ಕೋಲನ್ನು ದೊರೆಯ ಪಾದದ ಬಳಿಯಿಟ್ಟು, ಬರಿಗಾಲಿನಲ್ಲಿ ತೆಂಕಣ ಬಾಗಿಲಿನಿಂದ ಹೊರಟುಹೋಗಬೇಕು. ಈಗಿನ ತಳವಾರ ಬೊಮ್ಮಲಿಂಗ ನಾಯಕನ ವಂಶದವರು ಐದು ತಲೆಮಾರಿನಿಂದ ಆ ಕೋಲನ್ನು ಹಿಡಿದಿದ್ದರು. ಒಬ್ಬನೂ ತೆಂಕಣ ಬಾಗಿಲನ್ನು ಹಾಗೆ ದಾಟಿರಲಿಲ್ಲ.

ಆ ದಿನ ಪೇಟೆಯ ನಡುವೆ ಡಂಗುರದವನು ನಿಂತು ಸಾರಿದ್ದು ಇಷ್ಟು: ಇನ್ನು ಕಾವಲುಬಳ್ಳವಿಲ್ಲ. ಮನೆಗೆ ಎರಡು ಹಣದಂತೆ ಕಾವಲುಗಾಣಿಕೆ ಅರಮನೆಯ ಬೊಕ್ಕಸಕ್ಕೆ ಸಲ್ಲಬೇಕು. ಕಳವಿನ ದೂರು ಹೇಳುವುದಕ್ಕೆ ಒಂದು ಹಣ. ಜಾಡು ಹಿಡಿಯಲು ಆಳು ಹೊರಡಬೇಕಾದರೆ ಐದು ಹಣ, ಅದೂ ಮುಂಗಡ.

ಗುಂಪು ಗೊಣಗಿತು. ಬಳೆಗಾರ್ತಿ ಸಂಕವ್ವ ಬಳೆಗಳ ಮಲಾರವನ್ನು ಹೆಗಲಿನಿಂದ ಕೆಳಗಿಳಿಸಿ ಡಂಗುರದವನ ಮುಖವನ್ನೇ ನೋಡಿದಳು. ಅರವತ್ತು ದಾಟಿದ ಆ ಮುದುಕಿಯ ನಾಲಗೆಗೆ ಪೇಟೆಯ ಶೆಟ್ಟರೂ ಹೆದರುತ್ತಿದ್ದರು.

"ಕಳಕೊಂಡವರು ಅಳೋದಕ್ಕೆ ಎಷ್ಟು ಇಟ್ಟಿದ್ದಾರಪ್ಪಾ?" ಎಂದು ಕೇಳಿದಳು. "ಅದೊಂದು ಈ ವರ್ಷ ಬಿಟ್ಟಿಯೋ?"

ಗುಂಪಿನಲ್ಲಿದ್ದ ಬೊಮ್ಮಲಿಂಗನಿಗೆ ನಗು ಬರಲಿಲ್ಲ. ತನ್ನನ್ನು ಒಂದು ಮಾತೂ ಕೇಳದೆ ತನ್ನ ಕೆಲಸಕ್ಕೆ ದರ ಕಟ್ಟಿದ್ದರು. ಅವನು ನೇರವಾಗಿ ಅರಮನೆಯ ಓಲಗಕ್ಕೆ ನಡೆದ.

ಸಿಂಹಾಸನದಲ್ಲಿದ್ದ ಹಂಪರಸ ಒಡೆಯನಿಗೆ ಇಪ್ಪತ್ತೆರಡರ ಪ್ರಾಯ. ಬಡಗಣ ಕೋಟೆಗೋಡೆ ಹಿಂದಿನ ಮಳೆಗಾಲದಲ್ಲಿ ಕುಸಿದಿತ್ತು, ಅದನ್ನು ಕಟ್ಟಿಸಲು ಬೊಕ್ಕಸದಲ್ಲಿ ಬಲವಿರಲಿಲ್ಲ, ಹಾಗಾಗಿ ಹಣ ಬರುವ ದಾರಿಯನ್ನು ಯಾರು ತೋರಿಸಿದರೂ ಅವನ ಕಿವಿ ನಿಮಿರುತ್ತಿತ್ತು. ಆ ದಾರಿಯನ್ನು ತೋರಿಸಿದವನು ಬೊಕ್ಕಸದ ಪ್ರಧಾನಿ ಮಲ್ಲರಸಯ್ಯ. ನಯವಾದ ಮಾತು, ಬಾಯಲ್ಲಿ ಸದಾ ತಾಂಬೂಲ, ಪಕ್ಕದಲ್ಲಿ ಪೀಕದಾನಿ ಹಿಡಿದ ಊಳಿಗದವನು.

"ಪಂಜಿಗೆ ಎಣ್ಣೆ ಬೇಕು, ಕುದುರೆಗೆ ಹುರುಳಿ ಬೇಕು, ನೂರಿಪ್ಪತ್ತು ಆಳುಗಳಿಗೆ ಕಂಬಳಿ ಬೇಕು," ಎಂದ ಪ್ರಧಾನಿ. "ಬಳ್ಳದ ಜೋಳ ಇದರ ಅರ್ಧಕ್ಕೂ ಸಾಲದು, ಉಳಿದದ್ದನ್ನು ಬೊಕ್ಕಸ ಹೊರುತ್ತಿದೆ. ಕಾವಲಿನ ಖರ್ಚು ಕಾವಲು ಪಡೆಯುವವನಿಂದಲೇ ಹುಟ್ಟಬೇಕಲ್ಲವೇ ತಳವಾರರೇ? ಇದರಲ್ಲಿ ಅನ್ಯಾಯವೇನಿದೆ?"

"ಎಣ್ಣೆ ತುಟ್ಟಿಯಾಗಿದೆ, ಒಪ್ಪಿದೆ ಪ್ರಧಾನಿಗಳೇ," ಎಂದ ಬೊಮ್ಮಲಿಂಗ. "ಒಂದು ಬಳ್ಳವನ್ನು ಒಂದೂವರೆ ಮಾಡಿ, ಬಾಗಿಲು ಬಾಗಿಲಿಗೆ ಹೋಗಿ ನಾನೇ ಕೇಳುತ್ತೇನೆ, ಬೈಗುಳವನ್ನೂ ನಾನೇ ತಿನ್ನುತ್ತೇನೆ. ಆದರೆ ದೂರಿಗೆ ದರ ಕಟ್ಟಬೇಡಿ. ಬಾಯಿ ತೆರೆದರೆ ಹಣ ಎಂದಮೇಲೆ ಬಡವ ಬಾಯಿ ತೆರೆಯುವುದಿಲ್ಲ. ಆಗ ಊರಿನಲ್ಲಿ ಕಳವೇ ಇಲ್ಲವೆಂದು ನೀವು ಒಡೆಯರಿಗೆ ಅರಿಕೆ ಮಾಡುತ್ತೀರಿ, ಕಳ್ಳ ಒಳಗೊಳಗೇ ನಗುತ್ತಾನೆ."

ಮಲ್ಲರಸಯ್ಯನ ದವಡೆ ಒಂದು ಕ್ಷಣ ನಿಂತಿತು. ಅವನ ಮನಸ್ಸಿನಲ್ಲಿದ್ದದ್ದು ಬೇರೆ. ಕಾವಲುಗಾಣಿಕೆಯ ವಸೂಲಿಯನ್ನು ತನ್ನ ಭಾವಮೈದುನನಿಗೆ ಗುತ್ತಿಗೆ ಕೊಡಿಸಬೇಕು, ಅದಕ್ಕೆ ಈ ಒರಟು ತಳವಾರ ದಾರಿಯಿಂದ ತೊಲಗಬೇಕು.

"ಇನ್ನೊಂದು ಮಾತು," ಎಂದ ಬೊಮ್ಮಲಿಂಗ. "ಕಾಣಿಕೆ ಬೊಕ್ಕಸಕ್ಕೆ ಬಂದರೆ ಕಳವಿನ ಹೊಣೆ ಯಾರದು?"

"ತಮ್ಮದೇ," ಎಂದ ಪ್ರಧಾನಿ, ಕೈಮುಗಿದು. "ಐದು ತಲೆಮಾರಿನ ಪದ್ಧತಿಯನ್ನು ಮುರಿಯುವುದಕ್ಕೆ ನಾನೆಷ್ಟರವನು?"

ದೊರೆ ತಲೆಯಾಡಿಸಿದ. ಕೋಟೆಗೋಡೆ ಅವನ ಕಣ್ಣ ಮುಂದೆ ನಿಂತಿತ್ತು.

ವಸೂಲಿಯ ದಿನ ಮಲ್ಲರಸಯ್ಯ ತಾನೇ ಪೇಟೆಯ ಕಟ್ಟೆಯ ಮೇಲೆ ಬಂದು ಕುಳಿತ, ತಳವಾರನನ್ನು ಬದಿಯಲ್ಲಿ ಬರಿದೇ ನಿಲ್ಲಿಸಿದ. ಊರೆಲ್ಲ ನೆರೆದಿತ್ತು, ಆದರೆ ಒಬ್ಬನೂ ಮುಂದೆ ಬರಲಿಲ್ಲ. ಹೀಗೇ ಬಹಳ ಹೊತ್ತು ಕಳೆದ ಮೇಲೆ ಸಂಕವ್ವ ಒಂದು ಮೊರವನ್ನು ಹಿಡಿದು ಬಂದಳು. ಅದರಲ್ಲಿ ಒಂದು ಹಿಡಿ ಜೋಳ, ಜೋಳದ ಮೇಲೆ ಎರಡು ಹಣ.

"ಕಾಳು ಯಾಕಮ್ಮ? ಹಣ ಸಾಕು," ಎಂದ ಪ್ರಧಾನಿ.

"ಹಣ ತಗೊಳ್ಳೋರು ಮೊದಲು ಕಾಳು ಉಣ್ಣಬೇಕು ಬುದ್ಧಿ. ಉಂಡೆ, ಹೊಣೆ ಅನ್ನಬೇಕು. ಅನ್ನದಿದ್ದರೆ ನಾನು ಕೊಡಾಕಿಲ್ಲ, ನನ್ನ ಹಿಂದಿರೋರೂ ಕೊಡಾಕಿಲ್ಲ."

ಅವಳ ಹಿಂದೆ ಇದ್ದವರು ಹೌದೆಂದರು. ಮಲ್ಲರಸಯ್ಯನಿಗೆ ಅಸಹ್ಯವಾಯಿತು, ಈ ಜನರೂ ಇವರ ಜೋಳವೂ. ಬಿಸಿಲೇರುತ್ತಿತ್ತು, ಚೀಲಗಳು ಖಾಲಿಯಿದ್ದವು. ಬಾಯಿಮಾತಿಗೆ ಏನು ಖರ್ಚು ಎಂದುಕೊಂಡು ಅವನು ನಾಲ್ಕು ಕಾಳನ್ನು ಬಾಯಿಗೆಸೆದುಕೊಂಡು, "ಉಂಡೆ, ಹೊಣೆ. ಸಾಕೇ?" ಎಂದು ನಕ್ಕ. ಮರುಕ್ಷಣವೇ ಪಕ್ಕಕ್ಕೆ ತಿರುಗಿ ತಾಂಬೂಲದೊಡನೆ ಕಾಳನ್ನೂ ಪೀಕದಾನಿಗೆ ಉಗುಳಿದ. ಸಂಕವ್ವ ಅದನ್ನು ನೋಡಿದಳು. ಬೊಮ್ಮಲಿಂಗನೂ ನೋಡಿದ, ನೋಡಿ ತಲೆ ತಗ್ಗಿಸಿದ. ಜನ ಸಾಲುಗಟ್ಟಿ ಹಣ ಹಾಕಿ ಹೋದರು.

ತಿಂಗಳು ಕಳೆಯುವುದರೊಳಗೆ ಕಳವು ನಡೆಯಿತು. ರಾಜಮಾತೆಯ ಏಳೆಳೆಯ ಪದಕಹಾರ, ಅವರ ತಾಯಿಯ ತಾಯಿಯ ಕಾಲದ್ದು, ಎಳೆ ಬಿಗಿಸುವುದಕ್ಕೆಂದು ಅಕ್ಕಸಾಲೆ ಮೋನಪ್ಪನ ಮನೆಗೆ ಬಂದಿತ್ತು. ಬೆಳಗ್ಗೆ ಅವನು ಎದ್ದು ನೋಡಿದರೆ ಗೋಡೆಗೆ ಕನ್ನ ಬಿದ್ದಿದೆ, ಹಾರವಿಲ್ಲ. ಓಡಿಬಂದ ಅವನನ್ನು ಕಾವಲಿನ ಚಾವಡಿಯಲ್ಲಿ ಪ್ರಧಾನಿಯ ಕಡೆಯ ಬರಹಗಾರ ತಡೆದ: ದೂರಿಗೆ ಒಂದು ಹಣ, ಜಾಡಿಗೆ ಐದು, ಮುಂಗಡ. ಮೋನಪ್ಪ ಹೆಂಡತಿಯ ಕಾಲುಂಗುರ ಬಿಚ್ಚಿಸಿ ಅಡವಿಟ್ಟು ಹಣ ತರುವಷ್ಟರಲ್ಲಿ ಅವನ ಮನೆಯ ಓಣಿಯಲ್ಲಿ ಮುನ್ನೂರು ಕುರಿ ಹಾದುಹೋಗಿದ್ದವು. ಸುದ್ದಿ ತಿಳಿದು ಬೊಮ್ಮಲಿಂಗ ಬಂದಾಗ ಅಲ್ಲಿ ಉಳಿದಿದ್ದದ್ದು ಸೂರಿನ ಕೆಳಗಿನ ಒಂದೇ ಒಂದು ಹೆಜ್ಜೆ. ಕೆರದ ಹಿಮ್ಮಡಿಗೆ ಮೂರು ಮೊಳೆ. ಅಂಥ ಕೆರ ಆ ಊರಿನಲ್ಲಿ ಪ್ರಧಾನಿಯ ಮನೆಯ ಕಾವಲಾಳುಗಳ ಕಾಲಿನಲ್ಲಿ ಮಾತ್ರ ಇತ್ತು.

ಅವನಿಗೆ ಎಲ್ಲ ಅರ್ಥವಾಯಿತು, ಆದರೆ ಅರ್ಥವಾದದ್ದು ಸಾಕ್ಷಿಯಾಗುವುದಿಲ್ಲ. ಒಂದು ಹೆಜ್ಜೆಯನ್ನು ನಂಬಿ ಪ್ರಧಾನಿಯ ಮನೆಯನ್ನು ಶೋಧಿಸಹೊರಟರೆ ಅದು ರಾಜದ್ರೋಹ. ಇತ್ತ ಮಲ್ಲರಸಯ್ಯ ದೊರೆಯ ಕಿವಿಯಲ್ಲಿ ಇನ್ನೊಂದು ಮಾತನ್ನು ಊದಿದ: ಇದು ರಾಜಮಾತೆಯವರ ವಂಶದ ಒಡವೆ, ತಳವಾರ ಬೆಲೆ ಕಟ್ಟಿಕೊಟ್ಟು ಪಾರಾಗಕೂಡದು, ಅದೇ ಹಾರ ಬರಬೇಕು. ದೊರೆ ಹಾಗೆಯೇ ಅಪ್ಪಣೆ ಮಾಡಿದ.

ಎಂಟು ದಿನ ಬೊಮ್ಮಲಿಂಗ ಸಂತೆ, ಸತ್ರ, ಕುಲುಮೆಗಳನ್ನೆಲ್ಲ ಸುತ್ತಿದ. ಒಂಬತ್ತನೆಯ ಬೆಳಗ್ಗೆ ಹೆಂಡತಿ ಹಿರಿಯವ್ವ ಅವನ ಮುಂದೆ ಅಂಬಲಿಯಿಟ್ಟು ಎದುರಿಗೇ ಕುಳಿತಳು. ಮನೆಯ ಸಾಮಾನು ಒಂದೂ ಕಟ್ಟಿರಲಿಲ್ಲ. ಒಪ್ಪಿಸಿ ಹೋಗುವ ಮನೆಯಿಂದ ಏನನ್ನೂ ಒಯ್ಯುವಂತಿರಲಿಲ್ಲ.

"ಈ ವರ್ಷ ನೀವು ಯಾರ ಮನೆಯ ಕಾಳನ್ನೂ ಬಾಯಿಗೆ ಹಾಕಿಲ್ಲ," ಎಂದಳು. "ಉಣ್ಣದ ಊಟಕ್ಕೆ ಕೈ ತೊಳೆಯುವುದು ಯಾಕೆ? ಹಾಗೆಂದು ಓಲಗದಲ್ಲಿ ಹೇಳಿ."

"ಮೂವತ್ತು ವರ್ಷ ಉಂಡದ್ದು ಒಂದು ವರ್ಷ ಉಣ್ಣದಿದ್ದರೆ ಕರಗಿಹೋಗುತ್ತದೆಯೇ?" ಎಂದ ಅವನು. "ಕಾವಲು ನನ್ನದು, ಕಳುವಾದದ್ದು ನನ್ನ ಕಾವಲಿನಲ್ಲಿ. ಸಂದಿಯಲ್ಲಿ ನುಸುಳಿ ಉಳಿದರೆ ಈ ಕೋಲನ್ನು ಯಾವ ಮುಖದಲ್ಲಿ ಹಿಡಿಯಲಿ?"

"ಹಟಮಾರಿ," ಎಂದಳು ಹಿರಿಯವ್ವ. ಆಮೇಲೆ ತನ್ನ ಕಾಲಿನ ಕೆರವನ್ನೂ ಬಿಚ್ಚಿ ಗಂಡನ ಕೆರದ ಪಕ್ಕ ಇಟ್ಟಳು.

ತಳವಾರ ಕೋಲನ್ನೊಪ್ಪಿಸುವುದನ್ನು ಊರು ಕಣ್ಣಾರೆ ನೋಡಬೇಕೆಂಬುದು ನಿಯಮ. ಆದ್ದರಿಂದ ಓಲಗದ ಅಂಗಳ ಕಿಕ್ಕಿರಿದಿತ್ತು. ಬೊಮ್ಮಲಿಂಗ ಬರಿಗಾಲಿನಲ್ಲಿ ಬಂದು, ಕೋಲನ್ನು ಎರಡೂ ಕೈಯಲ್ಲಿ ಹಿಡಿದು ಬಾಗಿದ.

"ಪ್ರಭುಗಳೇ, ಹಾರ ಸಿಗಲಿಲ್ಲ. ಮನೆ, ಹೊಲ, ಕೋಲು ಒಪ್ಪಿಸಿದ್ದೇನೆ. ಅಪ್ಪಣೆಯಾಗಲಿ."

"ಎಂಥ ನಿಷ್ಠೆಯ ಮನೆತನ," ಎಂದು ಮಲ್ಲರಸಯ್ಯ ನಿಟ್ಟುಸಿರಿಟ್ಟ. "ಆದರೆ ಪದ್ಧತಿ ಪದ್ಧತಿಯೇ."

"ಯಾವ ಪದ್ಧತಿ ಬುದ್ಧಿ?" ಎಂಬ ದನಿ ಅಂಗಳದಿಂದ ಬಂತು. ಜನ ದಾರಿ ಬಿಟ್ಟರು. ಸಂಕವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದೆ ಬಂದಳು. "ಈ ತಳವಾರ ನನಗೇನೂ ಬಂಧುವಲ್ಲ. ಹಿಂದೆ ಬಳೆ ಹೊತ್ತಿದ್ದ ನನ್ನ ಕತ್ತೆ ಕಳುವಾದಾಗ ಕತ್ತೆ ತಂದ, ಬಳೆ ತರಲಿಲ್ಲ. ಬಳೆಗೆ ದುಡ್ಡು ಕೊಡೋಕೆ ಎಂಟು ದಿನ ಅಲೆದಾಡಿಸಿದ. ಆದರೂ ಕೇಳ್ತೀನಿ. ಈ ವರ್ಷ ಇವನು ಯಾರ ಹೊಸಿಲಲ್ಲಿ ಉಂಡ? ಪೇಟೆಯ ಕಟ್ಟೆಯ ಮೇಲೆ ನನ್ನ ಮೊರದ ಕಾಳು ಬಾಯಿಗೆ ಹಾಕಿಕೊಂಡು ಉಂಡೆ, ಹೊಣೆ ಅಂದೋರು ಯಾರು?"

ಅಂಗಳವೆಲ್ಲ ಪ್ರಧಾನಿಯ ಕಡೆಗೆ ತಿರುಗಿತು. ದೊರೆ ಬೆನ್ನು ನೆಟ್ಟಗೆ ಮಾಡಿದ.

"ಪ್ರಧಾನಿಗಳೇ, ಹಾಗೆಂದಿರೇ?"

"ಅದೊಂದು ತಮಾಷೆ ಪ್ರಭು," ಎಂದ ಮಲ್ಲರಸಯ್ಯ. "ಮೂಢಜನರ ಸಮಾಧಾನಕ್ಕೆ ಆಡಿದ ಮಾತು. ನಾನು ಆ ಕಾಳನ್ನು ಉಣ್ಣಲೇ ಇಲ್ಲ. ಎಲ್ಲರೆದುರಿಗೇ ಉಗುಳಿದೆ."

"ಕಾಳು ಉಗುಳಿದಿರಿ," ಎಂದಳು ಸಂಕವ್ವ. "ಹಣ ಉಗುಳಿದಿರೇನು?"

ಯಾರೂ ನಗಲಿಲ್ಲ. ದೊರೆ ಪ್ರಧಾನಿಯ ಕಡೆಗೆ ತಿರುಗಿದ. ಅವನು ಹುಡುಗನಂತೆ ಕಾಣುತ್ತಿದ್ದದ್ದು ಅಲ್ಲಿಗೆ ಮುಗಿಯಿತು. ಬೊಮ್ಮಲಿಂಗ, ಸತ್ಯವನ್ನು ಬಲ್ಲವನು, ಮೂರು ಮೊಳೆಯ ಹೆಜ್ಜೆಯನ್ನು ಹೊಟ್ಟೆಯಲ್ಲಿಟ್ಟುಕೊಂಡೇ ನಿಂತಿದ್ದ. ಸಾಕ್ಷಿಯಿಲ್ಲದ ಮಾತನ್ನು ಅವನು ಈಗಲೂ ಆಡಲಿಲ್ಲ.

"ಮಾತು ಆಡಿದವರು ನೀವು, ಕಾಣಿಕೆ ಪಡೆದವರು ನೀವು," ಎಂದ ಹಂಪರಸ ಒಡೆಯ. "ಹೊಣೆಯೂ ನಿಮ್ಮದೇ. ಬೆಲೆ ಸಲ್ಲದು, ಅದೇ ಹಾರ ಬರಬೇಕೆಂದು ನಮಗೆ ಬುದ್ಧಿ ಹೇಳಿದವರೂ ನೀವೇ. ಒಂಬತ್ತನೆಯ ದಿನ ಹೊತ್ತು ಮುಳುಗಲು ಇನ್ನೂ ಎರಡು ಜಾವವಿದೆ. ಹಾರ ತನ್ನಿ, ಇಲ್ಲವೇ ಮನೆ, ಹೊಲ, ಪ್ರಧಾನಿಯ ಮುದ್ರೆ ಒಪ್ಪಿಸಿ ತೆಂಕಣ ಬಾಗಿಲು ಹಿಡಿಯಿರಿ."

ಮಲ್ಲರಸಯ್ಯನ ಮನೆ ಮೂರಂತಸ್ತಿನದು, ತೋಟ ಏಳು ಊರುಗಳಲ್ಲಿತ್ತು. ಅದೆಲ್ಲ ಹೋಗುತ್ತದೆಂಬ ಹೆದರಿಕೆಯಲ್ಲಿ ಅಷ್ಟು ಬುದ್ಧಿವಂತನ ಬುದ್ಧಿ ಮಂಕಾಯಿತು. ಒಂದು ಜಾವ ಕಳೆಯುವುದರೊಳಗೆ ಅವನು ಬೆವರು ಸುರಿಸುತ್ತ ಮರಳಿ ಬಂದು, ರೇಷ್ಮೆಯ ವಸ್ತ್ರವನ್ನು ಬಿಚ್ಚಿ ಹಾರವನ್ನು ದೊರೆಯ ಮುಂದಿಟ್ಟ. ಏಳು ಎಳೆಯೂ ಇದ್ದವು. ಅಕ್ಕಸಾಲೆ ಮೋನಪ್ಪ ನೆಲಕ್ಕೆ ಕುಸಿದು ಅತ್ತ.

ದೊರೆ ಹಾರವನ್ನು ಮುಟ್ಟಲಿಲ್ಲ.

"ನೂರಿಪ್ಪತ್ತು ಆಳುಗಳು ಎಂಟು ದಿನ ಹುಡುಕಿದರೂ ಸಿಗದ ಹಾರ ನಿಮಗೆ ಒಂದೇ ಜಾವದಲ್ಲಿ ಸಿಕ್ಕಿತು," ಎಂದ. "ಎಲ್ಲಿ ಸಿಕ್ಕಿತು ಪ್ರಧಾನಿಗಳೇ?"

ಮಲ್ಲರಸಯ್ಯ ಕುದುರೆಲಾಯದ ಹುಲ್ಲಿನಲ್ಲಿ ಎಂದ. ಯಾರ ಲಾಯ ಎಂದು ದೊರೆ ಕೇಳಿದ. ಬೊಮ್ಮಲಿಂಗ ಆಗ ಮಾತ್ರ ಮುಂದೆ ಬಂದು, ಮೂರು ಮೊಳೆಯ ಹೆಜ್ಜೆಯ ವಿಷಯವನ್ನು ನಾಲ್ಕೇ ಮಾತಿನಲ್ಲಿ ಅರಿಕೆ ಮಾಡಿದ.

ಅದೇ ಸಂಜೆ ದೊರೆಯ ಅಪ್ಪಣೆಯಂತೆ ತೆಂಕಣ ಬಾಗಿಲಿನಿಂದ ಒಬ್ಬ ಹೊರಟುಹೋದ. ಜರಿಯ ಚಡಾವುಗಳನ್ನು ಬಾಗಿಲಿನಲ್ಲೇ ಬಿಡಿಸಿದ್ದರು; ಅಭ್ಯಾಸವಿಲ್ಲದ ಪಾದಗಳು ಕಲ್ಲಿನ ಮೇಲೆ ಕುಂಟುತ್ತಿದ್ದವು. ಊರು ನಿಂತು ನೋಡಿತು, ಒಬ್ಬರೂ ಅಯ್ಯೋ ಎನ್ನಲಿಲ್ಲ.

ಕೋಲು ಬೊಮ್ಮಲಿಂಗನ ಕೈಗೆ ಮರಳಿತು. ಕಾವಲುಗಾಣಿಕೆಯೂ ದೂರಿನ ಹಣವೂ ಜಾಡಿನ ಹಣವೂ ರದ್ದಾದವು. ಆದರೆ ಎಣ್ಣೆಯ ಬೆಲೆ ಇಳಿದಿರಲಿಲ್ಲ. ಆದ್ದರಿಂದ ಮುಂದಿನ ಸುಗ್ಗಿಯಲ್ಲಿ ಅವನು ತಾನು ಕೊಟ್ಟ ಮಾತಿನಂತೆ ಬಾಗಿಲು ಬಾಗಿಲಿಗೆ ಹೋಗಿ ಒಂದೂವರೆ ಬಳ್ಳ ಕೇಳಿದ, ಬಾಗಿಲು ಬಾಗಿಲಿನಲ್ಲೂ ಬೈಸಿಕೊಂಡ.

ಸಂಕವ್ವ ಮೇಲಿನ ಅರ್ಧ ಬಳ್ಳವನ್ನು ಅಳೆಯುವಾಗ ಕೈ ಬಿಗಿಹಿಡಿದಳು. "ಕಳ್ಳ ಒಯ್ದರೂ ಇಷ್ಟು ಒಯ್ಯುತ್ತಿರಲಿಲ್ಲ," ಎಂದಳು. "ನಿನ್ನ ಕೋಲು ಉಳಿಸಿದ್ದು ನಾನು. ನನಗೂ ಒಂದೂವರೆಯೇ?"

"ನಿನಗೂ ಒಂದೂವರೆಯೇ ಅವ್ವ."

ಅವಳು ಗೊಣಗುತ್ತ ಮೊರವನ್ನು ಮುಂದೊಡ್ಡಿದಳು. ಅವನು ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ಅಗಿದು, "ಉಂಡೆ, ಹೊಣೆ" ಎಂದು ಮುಂದಿನ ಮನೆಗೆ ತಿರುಗಿದ.

"ನಿಲ್ಲು," ಎಂದಳು ಸಂಕವ್ವ. "ಬಾಯಿ ತೆರೆ, ನೋಡೋಣ."

ಐದು ತಲೆಮಾರಿನ ತಳವಾರ, ಬೆಳ್ಳಿಕಟ್ಟಿನ ಕೋಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ನಡುಬೀದಿಯಲ್ಲಿ ಆ ಮುದುಕಿಯ ಮುಂದೆ ಬಾಗಿ ಬಾಯಿ ತೆರೆದ. ಅವಳು ಇಣುಕಿ ನೋಡಿ, ನಾಲಗೆಯನ್ನೂ ಎತ್ತಿಸಿ ನೋಡಿ, ಹೋಗು ಎಂದಳು.