ಹಿಟ್ಟು ಕೂರದ ಜಾಗ

ಬೆಳಗ್ಗೆ ಎಂಟೂಕಾಲಿಗೆ ಹಿಟ್ಟಿನ ಗಿರಣಿಯ ಯಜಮಾನ ಕೈಯನ್ನು ಕೊರಳಿಗೆ ಕಟ್ಟಿಕೊಂಡು ಠಾಣೆಯ ಮೆಟ್ಟಿಲು ಹತ್ತಿದ. ಚೀಲ ಹೊಲಿಯುವ ಹೆಂಗಸೊಬ್ಬಳು ಮನೆಯಿಂದಲೇ ಸುತ್ತಿಗೆ ತಂದು ತನ್ನ ತಲೆಗೆ ಬೀಸಿದಳು, ಏಟು ತಪ್ಪಿ ಹೆಗಲ ಮೂಳೆ ಮುರಿಯಿತು ಎಂಬುದು ಅವನ ದೂರು. ಕೊಲೆ ಯತ್ನವೆಂದು ಎಫ್‌ಐಆರ್ ದಾಖಲಾಯಿತು.

ಹೆಂಗಸು ಓಡಿಹೋಗಿರಲಿಲ್ಲ. ಗಿರಣಿಯ ಜಗಲಿಯ ಮೇಲೆ, ಸುತ್ತಿಗೆಯನ್ನು ಪಕ್ಕದಲ್ಲಿಟ್ಟುಕೊಂಡು ಕೂತಿದ್ದಳು. ಠಾಣೆಗೆ ಕರೆತಂದು, ಯಜಮಾನನ ದೂರನ್ನು ಓದಿ ಹೇಳಿ ಇನ್ಸ್‌ಪೆಕ್ಟರ್ ಕೇಳಿದರು.

"ಸುತ್ತಿಗೆ ಎಲ್ಲಿಂದ ತಂದ್ರಮ್ಮ?"

"ಮನೆಯಿಂದ."

"ಯಾಕೆ?"

"ಕೊಲ್ಲೋಕೆ. ಹಂಗೇ ಬರ್ಕೊಳ್ಳಿ."

ಸುಲಿದ ಬಾಳೆಹಣ್ಣಿನಂಥ ಕೇಸು ಎಂದು ಹೆಡ್ ಕಾನ್‌ಸ್ಟೇಬಲ್ ಖುಷಿಪಟ್ಟ. ಈ ಠಾಣೆಗೆ ಹೊಸದಾಗಿ ವರ್ಗವಾಗಿ ಬಂದಿದ್ದ ಇನ್ಸ್‌ಪೆಕ್ಟರ್‌ಗೆ ಮಾತ್ರ ಅಷ್ಟು ಸಲೀಸಾಗಿ ಸುಲಿಯುವ ಹಣ್ಣಿನ ಮೇಲೆ ನಂಬಿಕೆ ಬರಲಿಲ್ಲ. ಯಜಮಾನನನ್ನೂ ಹೆಡ್ ಕಾನ್‌ಸ್ಟೇಬಲ್‌ನನ್ನೂ ಸಾಕ್ಷಿಗೆಂದು ಪಂಚರನ್ನೂ ಕರೆದುಕೊಂಡು ಗಿರಣಿಗೆ ಹೊರಟರು.

ಒಳಗೆ ಗೋಡೆ, ಜಂತಿ, ಜೇಡರ ಬಲೆ ಎಲ್ಲದರ ಮೇಲೂ ವರ್ಷಗಟ್ಟಲೆಯ ಹಿಟ್ಟು ಕೂತಿತ್ತು. ಎರಡೇ ಕಡೆ ಕೂತಿರಲಿಲ್ಲ. ಒಂದು, ಗೋಡೆಯ ಮೊಳೆಯ ಕೆಳಗೆ ಸುತ್ತಿಗೆಯಾಕಾರದ ಕಪ್ಪು ಜಾಗ. ಇನ್ಸ್‌ಪೆಕ್ಟರ್ ವಶಪಡಿಸಿಕೊಂಡ ಸುತ್ತಿಗೆಯನ್ನು ಅಲ್ಲಿಗೆ ಹಿಡಿದರು. ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು. ಸವೆದ ಬೀಸುಕಲ್ಲಿಗೆ ಉಳಿಯಿಂದ ಮತ್ತೆ ಹಲ್ಲು ಕೊರೆಯಲು ಯಾವಾಗಲೂ ಅಲ್ಲೇ ತೂಗುತ್ತಿದ್ದ ಸುತ್ತಿಗೆ ಅದು.

ಇನ್ನೊಂದು, ಬೆಲ್ಟಿಗೆ ಅಡ್ಡವಾಗಿ ಕೂರಿಸಿದ್ದ ಕಬ್ಬಿಣದ ಜಾಲರಿ.

"ಇದನ್ನ ಯಾವಾಗ ಹಾಕ್ಸಿದ್ರಿ?"

"ಮೊದ್ಲಿಂದ್ಲೂ ಇದೆ ಸಾರ್," ಎಂದ ಯಜಮಾನ.

ಇನ್ಸ್‌ಪೆಕ್ಟರ್ ಜಾಲರಿಯ ಮೇಲೆ ಬೆರಳಾಡಿಸಿ ಪಂಚರಿಗೆ ತೋರಿಸಿದರು. ಬೆರಳಿಗೆ ಬಿಳುಪು ಹತ್ತಿರಲಿಲ್ಲ.

ಬಾಗಿಲಲ್ಲಿ ಹೆಂಗಸಿನ ತಮ್ಮ ನಿಂತಿದ್ದ. ಅಂಗಿಯ ಬಲತೋಳು ಮೊಣಕೈಯಿಂದಾಚೆ ಬರಿದಾಗಿ ಜೋಲುತ್ತಿತ್ತು. ಅವನು ಹೇಳಿದ್ದಿಷ್ಟು: ತಾನು ಇಲ್ಲಿ ಕೆಲಸಕ್ಕಿದ್ದಾಗ ಜಾಲರಿ ಇರಲಿಲ್ಲ, ಬೆಲ್ಟು ಕೈಯನ್ನು ಎಳೆದುಕೊಂಡಿತು. ದೂರು ಕೊಡಲು ಅಕ್ಕನ ಜೊತೆ ಠಾಣೆಗೆ ಹೋದರೆ, ಗಿರಣಿ ಕೆಲಸವೆಂದ ಮೇಲೆ ಇವೆಲ್ಲ ಇದ್ದದ್ದೇ ಎಂದು ವಾಪಸು ಕಳಿಸಿದರು. ಈ ಬೆಳಗ್ಗೆ ಅಕ್ಕ ತನ್ನನ್ನೂ ಕರೆದುಕೊಂಡು ನ್ಯಾಯ ಕೇಳಲು ಬಂದಾಗ ಯಜಮಾನ ನಕ್ಕ. "ನಿನ್ನ ತಮ್ಮನ ರಕ್ತ ಬಿದ್ದು ನನ್ನ ಎರಡು ಚೀಲ ಹಿಟ್ಟು ಕೆಡ್ತಲ್ಲ, ಅದನ್ನ ಯಾರು ಕೊಡ್ತಾರೆ?" ಅಂದ. ಅಕ್ಕ ಗೋಡೆಗೆ ಕೈ ಹಾಕಿದಳು.

"ವಾಪಸು ಕಳಿಸಿದ್ದು ಯಾರು?"

ಅವನು ಗದ್ದ ಎತ್ತಿ ತೋರಿಸಿದ. ಹೆಡ್ ಕಾನ್‌ಸ್ಟೇಬಲ್ ತನ್ನ ಬೂಟು ನೋಡಿಕೊಂಡ.

ಠಾಣೆಗೆ ಮರಳಿ ಹೆಂಗಸಿನೆದುರು ಕೂತರು.

"ಸುತ್ತಿಗೆ ಅವನದೇ. ಸುಳ್ಳು ಯಾಕೆ ಹೇಳಿದ್ರಿ?"

"ಸಣ್ಣ ಕೇಸಾದ್ರೆ ಯಾರು ಕೇಳ್ತಾರೆ? ದೊಡ್ಡದಾದ್ರೆ ಕೋರ್ಟಲ್ಲಿ ಯಾಕೆ ಅಂತ ಕೇಳೇ ಕೇಳ್ತಾರಲ್ಲ. ಆಗ ನನ್ ತಮ್ಮನ ಕೈ ವಿಷ್ಯ ಹೇಳ್ತೀನಿ."

ಕೊಲ್ಲಲೆಂದೇ ಮನೆಯಿಂದ ಆಯುಧ ತಂದದ್ದಕ್ಕೂ ಸಿಟ್ಟಿನ ಭರದಲ್ಲಿ ಕೈಗೆ ಸಿಕ್ಕಿದ್ದನ್ನು ಬೀಸಿದ್ದಕ್ಕೂ ಕಾನೂನಿನಲ್ಲಿ ಅಜಗಜಾಂತರ ಎಂದು ಅವರು ಬಿಡಿಸಿ ಹೇಳಿದರು. ಮೊದಲನೆಯದಕ್ಕೆ ವರ್ಷಗಟ್ಟಲೆ ಜೈಲು, ಎರಡನೆಯದಕ್ಕೆ ಜಾಮೀನು ಸಿಗಬಹುದು. ಪೊಲೀಸರೆದುರು ಒಪ್ಪಿಕೊಂಡದ್ದು ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಅದೇ ಮಾತನ್ನು ಮ್ಯಾಜಿಸ್ಟ್ರೇಟರ ಮುಂದೆ ಆಡಿದರೆ ಅವಳ ಕತ್ತಿಗೇ ಸುತ್ತಿಕೊಳ್ಳುತ್ತದೆ. ಸುಮ್ಮನಿರುವ ಹಕ್ಕೂ ಅವಳಿಗಿದೆ. ಸರ್ಕಾರದ ಕಡೆಯಿಂದ ವಕೀಲರೊಬ್ಬರು ಪುಕ್ಕಟೆ ಬರುತ್ತಾರೆ.

"ಪುಕ್ಕಟೆ ಬಂದೋರು ಪುಕ್ಕಟೆ ಮಾತಾಡ್ತಾರೆ," ಎಂದು ಅವಳು ಮುಖ ತಿರುಗಿಸಿದಳು.

ಇನ್ಸ್‌ಪೆಕ್ಟರ್ ಅವಳ ತಮ್ಮನನ್ನು ಕರೆಸಿ, ಅವನ ದೂರನ್ನು ಹೆಡ್ ಕಾನ್‌ಸ್ಟೇಬಲ್‌ನ ಕೈಯಿಂದಲೇ, ಅವಳೆದುರಿಗೇ ಬರೆಸಿದರು. ಸಹಿ ಹಾಕುತ್ತಿದ್ದ ಕೈ ತಮ್ಮನಿಗಿರಲಿಲ್ಲ. ಎಡ ಹೆಬ್ಬೆಟ್ಟು ಒತ್ತಿದ. ಹೊಸ ಎಫ್‌ಐಆರ್‌ನಲ್ಲಿ ಗಿರಣಿಯ ಯಜಮಾನನೇ ಆರೋಪಿ.

ಅವಳ ಮೇಲಿನ ಕೊಲೆ ಯತ್ನದ ಆರೋಪವನ್ನು ಕೈಬಿಡಲು ನ್ಯಾಯಾಲಯಕ್ಕೆ ವರದಿ ಸಿದ್ಧವಾಯಿತು. ಮೂಳೆ ಮುರಿದ ಆರೋಪ ಉಳಿಯಿತು. ಮಹಿಳಾ ಕಾನ್‌ಸ್ಟೇಬಲ್ ಬಂದು, ಯಾವ ಕಾರಣಕ್ಕೆ ಬಂಧಿಸುತ್ತಿದ್ದೇವೆಂದು ಓದಿ ಹೇಳಿದಳು. ಹೆಂಗಸು ಎದ್ದು ನಿಂತಳು.

"ಅವನ ಕೈ ವಿಷ್ಯ ಎಲ್ಲಾ ಬರ್ಕೊಂಡ್ರಾ?"

"ಬರ್ದಿದೀವಿ."

"ಪೂರ್ತಿ ಓದಿ."

ಹೆಡ್ ಕಾನ್‌ಸ್ಟೇಬಲ್ ಓದಿದ. ಎರಡು ಚೀಲ ಹಿಟ್ಟಿನ ಮಾತೂ ಅದರಲ್ಲಿತ್ತು. ಅವಳು ಕೊನೆಯವರೆಗೂ ಕೇಳಿಸಿಕೊಂಡಳು.

"ಈಗ ಆ ವಕೀಲರನ್ನ ಕರೀರಿ."