ನಕ್ಷತ್ರಮೀನಿನ ಚೀಟಿ

ಫಾರ್ಮಲಿನ್ ವಾಸನೆಗೆ ಎಲ್ಲರೂ ಮೂಗು ಮುಚ್ಚಿಕೊಂಡರೆ, ಕಲಾವತಿಗೆ ಮಾತ್ರ ಅಪ್ಪ ನೆನಪಾಗುತ್ತಿದ್ದರು. ವಿಜಯನಗರದ ಪಿಯು ಕಾಲೇಜಿನ ಬಯಾಲಜಿ ಲ್ಯಾಬಿನಲ್ಲಿ ಅಟೆಂಡರ್ ಆಗಿದ್ದ ನಾರಾಯಣಪ್ಪ ಸಂಜೆ ಲಗ್ಗೆರೆಯ ಮನೆಗೆ ಬಂದು ಮಗಳನ್ನು ಎತ್ತಿಕೊಂಡರೆ ಅಂಗಿಯ ತುಂಬ ಅದೇ ವಾಸನೆ. ಕಣ್ಣು ಉರಿದರೂ ಅವಳು ಇಳಿಯುತ್ತಿರಲಿಲ್ಲ.

ಅಪ್ಪ ಹೋದ ಮೇಲೆ ಆ ಕೆಲಸ ಅವಳಿಗೇ ಸಿಕ್ಕಿತು. ಪ್ರಾಣಿಗಳನ್ನು ಫಾರ್ಮಲಿನ್ನಿನಲ್ಲಿ ಕೆಡದಂತೆ ಇಟ್ಟ ಜಾಡಿಗಳ ಮೇಲಿನ ಚೀಟಿಗಳಲ್ಲಿ ಅಪ್ಪನ ದುಂಡು ಅಕ್ಷರ ಹಾಗೇ ಇತ್ತು. ಕಪ್ಪೆ, ಉಭಯವಾಸಿ. ಜಿರಳೆ, ಸಂಧಿಪದಿ. ನಕ್ಷತ್ರಮೀನು, ಕಂಟಕಚರ್ಮಿ.

ಆ ಬೆಳಿಗ್ಗೆ ಅವಳು ಬರುವಷ್ಟರಲ್ಲಿ ಹೊಸ ಲೆಕ್ಚರರ್ ಮುರಳೀಕೃಷ್ಣ ತೋಳು ಮಡಚಿ ಸಿಂಕಿನ ಮುಂದೆ ನಿಂತಿದ್ದ. ಜಾಡಿಗಳೆಲ್ಲ ಬರಿಯ ಗಾಜು... ಚೀಟಿಗಳು ನೀರಿನಲ್ಲಿ ತೇಲುತ್ತಿದ್ದವು!

“ನಾಳೆ ಪ್ರಾಕ್ಟಿಕಲ್ ಅಲ್ವಾ, ಹೆಸರು ಕಾಣ್ಬಾರ್ದು. ಹಳೇ ಚೀಟಿ, ತೆಗೆದುಬಿಟ್ಟೆ. ಆಮೇಲೆ ಪ್ರಿಂಟ್ ಹಾಕಿಸೋಣ,” ಎಂದ.

ಪರೀಕ್ಷೆ ಬಂದಾಗ ಅಪ್ಪ ಚೀಟಿಯ ಮೇಲೆ ಬಿಳಿ ಕಾಗದ ಸುತ್ತಿ ದಾರ ಕಟ್ಟುತ್ತಿದ್ದರು. ನಿನ್ನೆಯೇ ಅವಳು ಕಾಗದ ಕತ್ತರಿಸಿಟ್ಟಿದ್ದಳು. ಆ ಕಾಗದಗಳನ್ನು ಮಡಚಿ ಬ್ಯಾಗಿಗೆ ತುರುಕಿದಳು.

ಕಳೆದ ಮೂರು ತಿಂಗಳಲ್ಲಿ ಇದೇ ಮನುಷ್ಯ ಅವಳಿಗೆ ಈರುಳ್ಳಿಯ ಪೊರೆಯನ್ನು ಮೈಕ್ರೋಸ್ಕೋಪಿನಡಿ ಇಟ್ಟು ಜೀವಕೋಶ ತೋರಿಸಿದ್ದ. ಕೋಶಗಳು ಸೇರಿ ಅಂಗಾಂಶ, ಅಂಗಾಂಶಗಳು ಸೇರಿ ಅಂಗ ಎಂದು ತಾಳ್ಮೆಯಿಂದ ಹೇಳಿಕೊಟ್ಟಿದ್ದ. ನೀವೂ ಬಿಎಸ್ಸಿ ಮಾಡಬಹುದು ಎಂದಿದ್ದ. ಆ ಮಾತಿಗೆ ಅವಳ ಮನಸ್ಸು ಏನೇನೋ ಅರ್ಥ ಹಚ್ಚಿಕೊಂಡಿತ್ತು...

ಅಪ್ಪನ ಬೆಲೆ ಇಷ್ಟೇ ಅಂದರೆ ನನ್ನದೆಷ್ಟು?

ನನ್ನನ್ನು ಲೈಬ್ರರಿಗೆ ಹಾಕಿ ಎಂದು ಅವಳು ಅರ್ಜಿ ಬರೆದು ಹಳೆಯ ಜವಾನ ಚಿಕ್ಕಹನುಮಯ್ಯನ ಕೈಯಲ್ಲಿ ಆಫೀಸಿಗೆ ಕಳಿಸಿದಳು. ಪರೀಕ್ಷೆಯ ದಿನಗಳಲ್ಲಿ ಜಾಡಿಗಳನ್ನು ಜೋಡಿಸಿದಳು, ತೆಗೆದಿಟ್ಟಳು, ಅವನ ಮುಖ ನೋಡಲಿಲ್ಲ.

ನಾಲ್ಕನೆಯ ದಿನ ಮಧ್ಯಾಹ್ನ ಮುರಳೀಕೃಷ್ಣ ಒಂದು ದಪ್ಪ ಫೈಲನ್ನು ಅವಳ ಮುಂದಿಟ್ಟ. ಎಲೆಗಳನ್ನು ಒಣಗಿಸುವಂತೆ ನ್ಯೂಸ್‌ಪೇಪರಿನ ನಡುವೆ ಒತ್ತಿ ಒಣಗಿಸಿ, ಒಂದೊಂದು ಹಾಳೆಗೆ ಒಂದೊಂದು ಚೀಟಿ ಅಂಟಿಸಿದ್ದ. ಶಾಯಿ ಮಸುಕಾಗಿತ್ತು. ಆದರೂ ಅಪ್ಪನ ಅಕ್ಷರವೇ.

ಕೊನೆಯ ಹಾಳೆಯಲ್ಲಿ ಅರ್ಧ ಚೀಟಿ ಮಾತ್ರ ಇತ್ತು.

“ನಕ್ಷತ್ರಮೀನಿಂದು ಪೂರ್ತಿ ಸಿಗ್ಲಿಲ್ಲ. ನೀವೇ ಬರೀಬೇಕು.”

“ಪ್ರಿಂಟ್ ಹಾಕಿಸ್ತೀನಿ ಅಂದ್ರಲ್ಲ ಸಾರ್.”

“ಯಾರ ಅಕ್ಷರ ಅಂತ ನಾನು ಕೇಳ್ಲೇ ಇಲ್ಲ. ಚಿಕ್ಕಹನುಮಯ್ಯ ಆಮೇಲೆ ಹೇಳಿದ್ರು.” ಫೈಲನ್ನು ಅವಳತ್ತ ಇನ್ನಷ್ಟು ಸರಿಸಿದ. “ಲ್ಯಾಬ್ ಬಿಟ್ಟು ಹೋಗ್ಬೇಡಿ. ಲ್ಯಾಬಿಗೋಸ್ಕರ ಹೇಳ್ತಿಲ್ಲ, ಕಲಾ... ನನಗೋಸ್ಕರ.”

ಅವಳಿಗೆ ಅವನ ಬೆರಳುಗಳಲ್ಲಿ ಒಣಗಿದ ಅಂಟು ಕಂಡಿತು. ಬೆಂಚಿನ ಕೆಳಗೆ ನ್ಯೂಸ್‌ಪೇಪರಿನ ರಾಶಿ. ಸಾರ್ ಮೂರು ದಿನದಿಂದ ಊಟದ ಹೊತ್ತಲ್ಲಿ ಪೇಪರ್ ಬದಲಾಯಿಸುತ್ತಾ ಕೂತಿರುತ್ತಾರೆ ಎಂದು ಚಿಕ್ಕಹನುಮಯ್ಯ ಬೆಳಿಗ್ಗೆ ಹೇಳಿದ್ದು ಈಗ ಅರ್ಥವಾಯಿತು.

ಪೆನ್ನು ತೆಗೆದುಕೊಂಡು ಅರ್ಧ ಚೀಟಿಯ ಪಕ್ಕದಲ್ಲಿ ಬರೆದಳು: ನಕ್ಷತ್ರಮೀನು, ಕಂಟಕಚರ್ಮಿ. ಅಕ್ಷರ ದುಂಡಗೆ ಬಂತು.

ಆಮೇಲೆ ಫೈಲನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಬ್ಯಾಗಿನಿಂದ ಅವರೆಕಾಳು ಉಪ್ಪಿಟ್ಟಿನ ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿ, ಚಮಚದ ಸಮೇತ ಅವನ ಕೈಗೆ ಕೊಟ್ಟಳು.