ಒಂದೇ ಫ್ಲಾಸ್ಕಿನ ಚಹಾ

ಜೇಡಿಮಣ್ಣಿನ ಪ್ರಯೋಗಾಲಯದ ಬಾಗಿಲು ತೆರೆದ ಅಟೆಂಡರ್ ಹೊಸ್ತಿಲಲ್ಲೇ ನಿಂತುಬಿಟ್ಟ. ಕಿಟಕಿಯ ಕೆಳಗೆ ಮೇಷ್ಟ್ರು ಬಿದ್ದಿದ್ದರು. ತಕ್ಕಡಿಯ ಮೇಜಿಗೆ ಒರಗಿ ಅವರ ಶಿಷ್ಯೆ. ಇಬ್ಬರೂ ವಾಂತಿ ಮಾಡಿಕೊಂಡಿದ್ದರು. ನಡುವೆ ಚಹಾದ ಫ್ಲಾಸ್ಕು, ಬರಿದಾದ ಎರಡು ಲೋಟ.

ಚಹಾದಲ್ಲಿ ಕಳೆನಾಶಕ ಬೆರೆತಿತ್ತು. ಆ ವಿಷ ಬುದ್ಧಿಗೆ ಮಂಕು ಕವಿಸುವುದಿಲ್ಲ. ಮನುಷ್ಯ ಎಚ್ಚರವಾಗಿರುವಾಗಲೇ ಶ್ವಾಸಕೋಶವನ್ನು ದಿನದಿನಕ್ಕೂ ಬಿಗಿಯುತ್ತ ಹೋಗುತ್ತದೆ. ಆಸ್ಪತ್ರೆಯಲ್ಲಿ ಮೇಷ್ಟ್ರು ಬೇಗನೆ ಎದ್ದು ಕೂತರು. ಶಿಷ್ಯೆ ಹಾಸಿಗೆ ಬಿಟ್ಟು ಏಳಲಿಲ್ಲ.

ಗುರಿ ಮೇಷ್ಟ್ರೇ ಎಂದು ಎಲ್ಲರೂ ಅಂದುಕೊಂಡರು. ನಾಲ್ಕು ಜನರೆದುರು ಅವರಿಂದ ಬೈಸಿಕೊಂಡಿದ್ದ ಅಟೆಂಡರ್ ಲಾಕಪ್ಪು ಸೇರಿದ. ಇನ್ಸ್‌ಪೆಕ್ಟರಮ್ಮನಿಗೆ ಮಾತ್ರ ಸಮಾಧಾನವಿರಲಿಲ್ಲ. ಆಸ್ಪತ್ರೆಯಲ್ಲಿ ಅವಳು ಕಂಡ ನೋಟ ಕಣ್ಣಿಗೆ ಕಟ್ಟಿತ್ತು— ಶಿಷ್ಯೆ ಏದುಸಿರು ಬಿಡುತ್ತ ಮೇಷ್ಟ್ರ ಕ್ಷಮೆ ಕೇಳುತ್ತಿದ್ದಳು. ಚಹಾ ಮಾಡಿದ್ದು ಅವಳೇ. ಒಂದು ಗುಟುಕು ಕುಡಿದು ಕಹಿಯಾಗಿದೆ ಅಂದಿದ್ದಳಂತೆ, ಮೇಷ್ಟ್ರು ನಕ್ಕು, ಕೈಯಾರೆ ಮಾಡಿದ್ದನ್ನು ಚೆಲ್ಲಬಾರದು ಎಂದು ತಾವೇ ಮೊದಲು ಲೋಟ ಬರಿದುಮಾಡಿದರಂತೆ. ಈಗ ಅವಳ ಕೈ ಹಿಡಿದು, "ಪರವಾಗಿಲ್ಲ ಮಗೂ," ಎನ್ನುತ್ತಿದ್ದರು.

ಮೇಷ್ಟ್ರಿಗೆ ಹೆಸರು ತಂದದ್ದು ಬಾವಿನೀರಿನ ವಿಷ ಹಿಡಿಯುವ ಜೇಡಿಮಣ್ಣು. ತಾನು ಪರೀಕ್ಷೆ ಮಾಡಿ ಕಂಡುಕೊಂಡದ್ದನ್ನು ಶಿಷ್ಯೆ ಹೇಳಿದಳು: ನೀರಿನಲ್ಲಿ ಉಪ್ಪು ಹೆಚ್ಚಾದರೆ ಆ ಮಣ್ಣು ಹಿಡಿದ ವಿಷವನ್ನೆಲ್ಲ ಮತ್ತೆ ಬಿಟ್ಟುಕೊಡುತ್ತದೆ. ಊರೂರಿನ ಜನ ಅದೇ ನೀರು ಕುಡಿಯುತ್ತಿದ್ದಾರೆ. ಮುಂದಿನ ಸಭೆಯಲ್ಲಿ ಇದನ್ನು ಹೇಳಲು ಮೇಷ್ಟ್ರೂ ಒಪ್ಪಿದ್ದರು.

ನಿಜಕ್ಕೂ ಒಪ್ಪಿದ್ದರಾ? ಇನ್ಸ್‌ಪೆಕ್ಟರಮ್ಮ ಬೀಗ ತೆಗೆಸಿ ಪ್ರಯೋಗಾಲಯದ ನೆಲವನ್ನು ಮತ್ತೆ ನೋಡಿದಳು. ಅಲ್ಲಿಂದ ನೇರ ಮೇಷ್ಟ್ರ ವಾರ್ಡಿಗೆ ಹೋದಳು.

"ಅಟೆಂಡರ್ ಒಪ್ಪಿಕೊಂಡ್ನಾ?"

"ಇಲ್ಲ ಸರ್. ನಿಮ್ಮ ವಾಂತಿ ಒಪ್ಪಿಕೊಳ್ತು."

ಇನ್ಸ್‌ಪೆಕ್ಟರಮ್ಮ ಕುರ್ಚಿ ಎಳೆದುಕೊಂಡು ಕೂತಳು.

"ಅವಳು ವಾಂತಿ ಮಾಡಿದ ಕಡೆ ಬರೀ ಚಹಾದ ಕಲೆ ಇದೆ. ನೀವು ಮಾಡಿದ ಕಡೆ ಬೂದುಬಣ್ಣದ ಕೆಸರು ಒಣಗಿ, ಬತ್ತಿದ ಕೆರೆ ಥರ ಬಿರುಕು ಬಿಟ್ಟಿದೆ. ಮಣ್ಣಿನ ಪ್ರಯೋಗಾಲಯದಲ್ಲಿ ಮಣ್ಣು ಬಿದ್ದಿದ್ರೆ ಯಾರು ನೋಡ್ತಾರೆ? ನಾನೂ ಮೊದಲ ದಿನ ದಾಟ್ಕೊಂಡೇ ಹೋದೆ. ಆದ್ರೆ ಅದು ನೆಲದ ಮಣ್ಣಲ್ಲ, ನಿಮ್ಮ ಹೊಟ್ಟೇದು. ನೀರು ಕಂಡ್ರೆ ಉಬ್ಬೋ ಜೇಡಿ, ಈ ವಿಷಕ್ಕೆ ಡಾಕ್ಟರುಗಳೂ ಮದ್ದು ಅಂತ ಕೊಡೋ ಮಣ್ಣು. ಈ ಕಳೆನಾಶಕವನ್ನ ಪದರಗಳ ಮಧ್ಯೆ ಅಂಟಿಸ್ಕೊಂಡ್ರೆ ಬಿಡಲ್ಲ. ಚಹಾಕ್ಕೆ ಮುಂಚೆ ಅದನ್ನ ಕಲಸಿ ಕುಡಿದಿದ್ರಿ. ಆಮೇಲೆ ಧೈರ್ಯವಾಗಿ ಅವಳ ಎದುರಿಗೇ ವಿಷ ಕುಡಿದ್ರಿ. ಕುಡಿದವನ ಮೇಲೆ ಯಾರಿಗೆ ಅನುಮಾನ ಬರತ್ತೆ? ಫ್ಲಾಸ್ಕಿಗೆ ವಿಷ ಹಾಕಿದ್ದು ನೀವೇ."

ಮೇಷ್ಟ್ರು ಹೊದಿಕೆಯ ಮಡಿಕೆ ಸರಿಮಾಡಿಕೊಂಡರು.

"ಮೂವತ್ತು ವರ್ಷದ ಕೆಲಸ ಅದು," ಎಂದರು. "ಅವಳು ನಿನ್ನೆ ಮೊನ್ನೆ ಬಂದವಳು."

ಹೊರಗೆ ಶಿಷ್ಯೆಯ ಅಣ್ಣ ಅಡ್ಡ ನಿಂತ. ಅವಳಿಗೆ ಹೇಳಬೇಡಿ ಎಂದು ಬೇಡಿಕೊಂಡ. ಅಪ್ಪ ಹೋದಮೇಲೆ ಅವಳಿಗೆ ಮೇಷ್ಟ್ರೇ ಅಪ್ಪ. ಇನ್ಸ್‌ಪೆಕ್ಟರಮ್ಮ ಆಗಲಿ ಎಂದು ತಲೆಯಾಡಿಸಿ ಶಿಷ್ಯೆಯ ವಾರ್ಡಿನೊಳಗೆ ಹೋದಳು.

"ಅಟೆಂಡರಣ್ಣನ್ನ ಬಿಟ್ರಾ?" ಶಿಷ್ಯೆ ಕೇಳಿದಳು.

"ಬಿಡ್ತೀವಮ್ಮ."

"ಹಾಗಾದ್ರೆ ನನ್ನ ಕೈಯಿಂದಾನೇ ಏನೋ ಆಗಿದೆ. ಸರ್ ಕೂಡ ಕುಡಿದ್ಬಿಟ್ರಲ್ಲ."

ಆ ಪಾಪವನ್ನು ಹೊತ್ತು ಅವಳು ಹೋಗುವುದನ್ನು ಇನ್ಸ್‌ಪೆಕ್ಟರಮ್ಮನಿಂದ ನೋಡಲಾಗಲಿಲ್ಲ. ಹಾಸಿಗೆಯ ಅಂಚಿನಲ್ಲಿ ಕೂತು ಎಲ್ಲವನ್ನೂ ಹೇಳಿದಳು. ಬಾಗಿಲಲ್ಲಿ ಅಣ್ಣ ಮುಖ ಮುಚ್ಚಿಕೊಂಡ.

ಶಿಷ್ಯೆ ಅಳಲಿಲ್ಲ. ಅಳುವಷ್ಟು ಉಸಿರೂ ಇರಲಿಲ್ಲ. ಮೆಲ್ಲಗೆ ಕೇಳಿದಳು.

"ಆ ಮಣ್ಣು... ನಾನೇ ತೊಳೆದು ಸೋಸಿಟ್ಟಿದ್ದು. ಡಬ್ಬೀಲಿ ನನಗೂ ಆಗೋಷ್ಟು ಇತ್ತಾ, ಅವತ್ತು?"

ಇನ್ಸ್‌ಪೆಕ್ಟರಮ್ಮ ಸುಳ್ಳು ಹೇಳಬಹುದಿತ್ತು.

"ಇತ್ತು," ಎಂದಳು. "ತುಂಬ ಇತ್ತು."